ಟಾಪಿನ ಮೇಲಿನ ಉಡಚಮ್ಮ

ನಮ್ಮ ವಾರಪತ್ರಿಕೆಯ ಹೆಸರು ‘ಕಣ್ಗಾವಲು’. ಹೆಸರಿಟ್ಟವನು ನಾನೇ, ಈಗ ನಾಚಿಕೆಪಡಬೇಕಾದವನೂ ನಾನೇ. ಎಪ್ಪತ್ತೆಂಟರಲ್ಲಿ ಹೊನ್ನಾಳಿಯ ಪೇಟೆಬೀದಿಯಲ್ಲಿ, ಕಾಲಲ್ಲಿ ತುಳಿಯುವ ಒಂದು ಹಳೆಯ ಮೆಷಿನ್ನಿನಲ್ಲಿ ಅದು ಅಚ್ಚಾಗುತ್ತಿತ್ತು. ಜನ ಅದನ್ನು ಕೊಳ್ಳುತ್ತಿದ್ದುದು ಚಿತ್ತಪ್ಪನ ವ್ಯಂಗ್ಯಚಿತ್ರಕ್ಕಾಗಿ. ನನ್ನ ಸಂಪಾದಕೀಯವನ್ನು ನನ್ನ ಹೆಂಡತಿಯೂ ಓದುತ್ತಿರಲಿಲ್ಲ.

ಚಿತ್ತಪ್ಪ ಅಂಗಡಿಗಳಿಗೆ ಬೋರ್ಡು ಬರೆಯುವವನು. ಚಿತ್ರ ಅಚ್ಚುಹಾಕಲು ಬೇಕಾದ ಬ್ಲಾಕ್ ಮಾಡಿಸಲು ದಾವಣಗೆರೆಗೆ ಹೋಗಬೇಕಿದ್ದ ಕಾಲ ಅದು. ಅವನು ಮರದ ಹಲಗೆಯಲ್ಲೇ ಚಿತ್ರವನ್ನು ತಿರುವುಮುರುವಾಗಿ ಕೆತ್ತಿ ತರುತ್ತಿದ್ದ, ಅಚ್ಚಿನಲ್ಲಿ ನೆಟ್ಟಗೆ ಬರುತ್ತಿತ್ತು. ಅಚ್ಚಾದ ಮೇಲೆ ಅದೇ ಹಲಗೆಯನ್ನು ಕೆರೆದು ನಯಮಾಡಿ ಮುಂದಿನ ವಾರದ್ದನ್ನು ಕೆತ್ತುವುದು ಅವನ ರೂಢಿ. ಸಹಿ ಹಾಕುತ್ತಿರಲಿಲ್ಲ. ಬದಲಿಗೆ ಪ್ರತಿ ಚಿತ್ರದ ಮೂಲೆಯಲ್ಲಿ ತನ್ನ ತಾಯಿ ಉಡಚಮ್ಮನನ್ನು ಕೂರಿಸುತ್ತಿದ್ದ.

ಪೊರಕೆ ಕಟ್ಟಿ ಮಾರುವ ಉಡಚಮ್ಮನಿಗೆ ಓದು ಬರದು. ಶುಕ್ರವಾರ ಪ್ರೆಸ್ಸಿನ ಕಿಟಕಿಗೆ ಬಂದು, ಮಸಿ ಆರದ ಹಾಳೆ ಹಿಡಿದು ತನ್ನನ್ನೇ ಹುಡುಕುತ್ತಿದ್ದಳು. ಸಿಕ್ಕರೆ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು. ಆ ನಗೆ ನೋಡಲು ನಾನೂ ಕಾಯುತ್ತಿದ್ದೆ.

ಆ ವಾರದ ಚಿತ್ರ ಬಸ್ಸಿನದು. ನ್ಯಾಮತಿಯಿಂದ ಹೊನ್ನಾಳಿಗೆ ಬರುವ ಮುರುಗೇಶಪ್ಪನವರ ಬಸ್ಸಿನಲ್ಲಿ, ಸಂತೆಯ ದಿನ ಒಳಗೆಷ್ಟು ಜನವೋ ಟಾಪಿನ ಮೇಲೂ ಅಷ್ಟೇ ಜನ. ಚಿತ್ರದ ಕಂಡಕ್ಟರು ಏಣಿ ತೋರಿಸಿ, “ಮೇಲೆ ಹೋಗ್ರಿ, ಮೇಲೆ ಬೇಕಾದಷ್ಟು ಜಾಗ ಐತೆ” ಎನ್ನುತ್ತಿದ್ದ. ಟಾಪಿನ ತುದಿಯಲ್ಲಿ ಉಡಚಮ್ಮ. ಒಂದು ಕೈ ಪೊರಕೆ ಹೊರೆಯ ಮೇಲೆ, ಇನ್ನೊಂದು ಕೈಯಲ್ಲಿ ಟಾಪಿನ ಕಂಬಿ.

ಮೊದಲ ಪ್ರತಿ ತೆಗೆದು ನೋಡುತ್ತಿದ್ದಾಗಲೇ ಮುರುಗೇಶಪ್ಪ ಬಂದರು. ಕೊನೆಯ ಪುಟದ ಜಾಹೀರಾತು ವರ್ಷವಿಡೀ ಅವರದೇ. ಅದಿಲ್ಲದಿದ್ದರೆ ನಮಗೆ ಕಾಗದವೂ ಇಲ್ಲ. ಹಾಳೆ ನೋಡಿದರು, ಸಿಟ್ಟಾಗಲಿಲ್ಲ.

“ಚೆನ್ನಾಗಿ ಬರ್ದಾನೆ. ಇದು ಬೇಕೋ, ಕೊನೇ ಪುಟ ಬೇಕೋ, ನೀವೇ ನೋಡ್ರಿ ಜಯದೇವಪ್ಪಾರೆ” ಎಂದರು.

ನಾನು ನೋಡಿದೆ. ಬ್ಲಾಕ್ ಬಿಚ್ಚಿ ಮೇಜಿನ ಕೆಳಗಿಟ್ಟೆ. ಆ ಜಾಗಕ್ಕೆ ಅವರ ಬಸ್ಸಿನ ವೇಳಾಪಟ್ಟಿಯನ್ನೇ ಹಾಕಿದೆ.

“ಮುಂದಿನ ವಾರ ಹಾಕಾಣ” ಎಂದೆ ಚಿತ್ತಪ್ಪನಿಗೆ.

“ಆಗ್ಲಿ ಸಾರ್” ಎಂದ. ಹಾಕುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಶುಕ್ರವಾರ ಉಡಚಮ್ಮ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. “ಈ ಸಲ ನಾನು ಇಲ್ಲೇನ್ರಿ ಸಾಮಿ?”

“ಇಲ್ಲಮ್ಮ, ಜಾಗ ಇರ್ಲಿಲ್ಲ.”

“ಬಸ್ಸಿನಾಗೂ ಹಿಂಗೇ ಅಂತಾರೆ ಬಿಡ್ರಿ” ಎಂದು ಹೊರೆ ಹೊತ್ತು ಹೊರಟಳು.

ಮುಂದಿನ ಸಂತೆಗೆ ಉಡಚಮ್ಮ ಅದೇ ಬಸ್ಸಿನ ಮೇಲೆ ಕೂತು ಬರುವಾಗ, ಗೋವಿನಕೋವಿ ಹತ್ತಿರ ಹುಣಸೆ ಕೊಂಬೆಯೊಂದು ಟಾಪಿಗೆ ಬಡಿಯಿತು. ಸತ್ತವಳು ಅವಳೊಬ್ಬಳೇ. ಪೊರಕೆ ಹೊರೆ ಮೇಲೆಯೇ ಉಳಿದಿತ್ತಂತೆ.

ಮುರುಗೇಶಪ್ಪ ಶ್ರದ್ಧಾಂಜಲಿಯ ಜಾಹೀರಾತು ತಂದರು. “ಆಯಮ್ಮನ ಚಿತ್ರಾನೂ ಹಾಕ್ರಿ, ಜನ ಸಮಾಧಾನ ಆಗ್ಬೇಕು” ಎಂದರು. ಉಡಚಮ್ಮ ಎಂದೂ ಫೋಟೋ ತೆಗೆಸಿದವಳಲ್ಲ. ಹಳೆಯ ಬ್ಲಾಕುಗಳನ್ನೆಲ್ಲ ಮಗನೇ ಕೆರೆದಿದ್ದ. ಅಚ್ಚಾಗದ ಕಾರಣಕ್ಕೆ ಉಳಿದಿದ್ದುದು ಒಂದೇ, ನನ್ನ ಮೇಜಿನ ಕೆಳಗಿನದು.

ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಗರಗಸ ಹಿಡಿದು ಬ್ಲಾಕಿನಲ್ಲಿದ್ದ ಬಸ್ಸನ್ನು ಕೊಯ್ದು ಬಿಸಾಡಿದೆ. ಕಂಬಿ ಉಳಿದರೆ ಬಸ್ಸಿನ ಗುರುತು ಸಿಗುತ್ತದೆಂದು ಅದನ್ನೂ ಕೆರೆದೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಕೈ ಮಾತ್ರ ಕೆಲಸ ಮಾಡುತ್ತಲೇ ಇತ್ತು.

ಆ ಶುಕ್ರವಾರ ಕಿಟಕಿಗೆ ಚಿತ್ತಪ್ಪ ಬಂದ. ಅವ್ವ ನಿಲ್ಲುತ್ತಿದ್ದ ಜಾಗದಲ್ಲೇ ನಿಂತು ಹಾಳೆ ಹಿಡಿದ. ಕಪ್ಪು ಚೌಕಟ್ಟಿನೊಳಗೆ ಉಡಚಮ್ಮ ಗಾಳಿಯಲ್ಲಿ ಕೂತಿದ್ದಳು. ಕೆಳಗೆ ಮುರುಗೇಶಪ್ಪನವರ ಹೆಸರು ದಪ್ಪ ಅಕ್ಷರದಲ್ಲಿತ್ತು. ಚಿತ್ತಪ್ಪ ಅವಳ ಮುಚ್ಚಿದ ಮುಷ್ಟಿಯನ್ನು ಹೆಬ್ಬೆರಳಿನಿಂದ ಸವರಿದ.

“ಕಂಬಿ ಯಾಕೆ ತೆಗೆದ್ರಿ ಸಾರ್?” ಎಂದ. “ಅವ್ವ ಅದನ್ನೇ ಹಿಡ್ಕೊಂಡಿದ್ಲು.”