ದಿನಕ್ಕೊಂದು ಎಚ್ಚರಿಕೆ

ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನ ಕೇಂದ್ರ ಸರ್ಕಾರಿ ಕಚೇರಿಯೊಂದರಲ್ಲಿ ಸರ್ವರ್ ಕೋಣೆ ನೋಡಿಕೊಳ್ಳುತ್ತಿದ್ದವರು ಕಾರ್ಕಳದ ಧರಣೇಂದ್ರ. ಕೋಣೆಯ ಬಿಸಿ ಇಪ್ಪತ್ತೇಳು ಡಿಗ್ರಿ ದಾಟಿದರೆ ತಿರುವನಂತಪುರದ ಮುಖ್ಯ ಕಚೇರಿಗೆ ತಾನಾಗಿ ಎಚ್ಚರಿಕೆ ಹೋಗುವ ಸೆನ್ಸರ್ ಬಂದಾಗ ಅವರು ಹಟ ತೊಟ್ಟವರಂತೆ ಕೋಣೆಯನ್ನು ತಂಪಾಗಿಟ್ಟರು. ಮೂರು ತಿಂಗಳು ಒಂದೂ ಎಚ್ಚರಿಕೆ ಹೋಗಲಿಲ್ಲ.

ತೊಂದರೆಯಾದದ್ದೇ ಅಲ್ಲಿ. ಮುಖ್ಯ ಕಚೇರಿಯಲ್ಲಿ ಈ ಎಚ್ಚರಿಕೆಗಳನ್ನು ನೋಡುವ ಅಧಿಕಾರಿ, ಮೈಸೂರಿನ ಸುಬ್ಬಲಕ್ಷ್ಮಿ, ಫೋನ್ ಮಾಡಿದರು.

"ನಿಮ್ಮ ಕಡೆಯಿಂದ ಏನೂ ಬರ್ತಿಲ್ವಲ್ರೀ. ಸೆನ್ಸರ್ ಸತ್ತಿದೆ ಅಂತ ಇಲ್ಲಿ ಬರ್ಕೊಂಡಿದಾರೆ."

"ಸತ್ತದ್ದಲ್ಲ ಮೇಡಂ. ಕೋಣೆ ತಂಪುಂಟು, ಅದಕ್ಕೇ."

"ತಂಪು ಅನ್ನೋದಕ್ಕೆ ನಮ್ಮಲ್ಲಿ ಕಾಲಂ ಇಲ್ಲ. ದಿನಕ್ಕೆ ಒಂದಾದ್ರೂ ಕಳ್ಸಿ."

ವಾರದೊಳಗೆ ಅದೇ ಮಾತು ಸುತ್ತೋಲೆಯಾಗಿ ಬಂತು. ಎ.ಸಿ. ಆರಿಸಲು ಧರಣೇಂದ್ರರಿಗೆ ಮನಸ್ಸಾಗಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಕ್ಯಾಂಟೀನಿನಿಂದ ಹಬೆಯಾಡುವ ಕಟ್ಟನ್ ಚಾಯ, ಅಂದರೆ ಹಾಲಿಲ್ಲದ ಚಹಾ, ತಂದು, ಗ್ಲಾಸನ್ನು ಸೆನ್ಸರಿನ ಕೆಳಗೆ ಹಿಡಿದು ನಿಂತರು. ಅಂಕಿ ಇಪ್ಪತ್ತೆಂಟಕ್ಕೇರಿತು. "ಬಂತು ಕಣ್ರೀ" ಎಂದು ಸುಬ್ಬಲಕ್ಷ್ಮಿ ಸಂದೇಶ ಕಳಿಸಿದರು. ಆ ಚಹಾ ಕುಡಿಯಲು ಧರಣೇಂದ್ರರಿಗೆ ನಾಚಿಕೆಯೆನಿಸಿತು, ಸಿಂಕಿಗೆ ಚೆಲ್ಲಿದರು. ಮರುದಿನವೂ ಅದೇ, ಅದರ ಮರುದಿನವೂ ಅದೇ. ಅವರು ರಜೆ ಹಾಕಿದರೆ ಸಹಾಯಕ ಅಲ್ವಿನ್ ಗ್ಲಾಸು ಹಿಡಿಯಬೇಕೆಂದು ಲಿಖಿತ ಆದೇಶವೂ ಆಯಿತು.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಎ.ಸಿ. ಕೆಟ್ಟಿತು. ಕೋಣೆ ಮೂವತ್ತಾರು ಡಿಗ್ರಿ ಮುಟ್ಟಿತು.

"ಇವತ್ತಿಂದು ಬೆಳಿಗ್ಗೇನೇ ಬಂದಿತ್ತಲ್ಲ, ಇದ್ಯಾವುದು?" ಎಂದು ಸುಬ್ಬಲಕ್ಷ್ಮಿ ಫೋನ್ ಮಾಡಿದರು.

"ಇದು ನಿಜವಾದದ್ದು ಮೇಡಂ."

"ನಿಜದ್ದಕ್ಕೆ ಬೇರೆ ಗುರುತು ಇದ್ಯೇನ್ರೀ?"

ಧರಣೇಂದ್ರ ಯೋಚಿಸಿದರು. "ಇಲ್ಲ."

"ಹಾಗಾದ್ರೆ ಇದನ್ನ ನಾಳೇದರ ಲೆಕ್ಕಕ್ಕೆ ಹಾಕ್ಕೋತೀನಿ. ನಾಳೆ ಚಹಾ ಹಿಡೀಬೇಡಿ."

ಧರಣೇಂದ್ರ ಅರ್ಧ ಸರ್ವರ್‌ಗಳನ್ನು ಆರಿಸಿ, ಉಳಿದವಕ್ಕೆ ಮನೆಯಿಂದ ತಂದ ಫ್ಯಾನು ಇಟ್ಟರು. ಆದರೆ ಅವರ ದನಿ ಸುಬ್ಬಲಕ್ಷ್ಮಿಯವರನ್ನು ಬಿಡಲಿಲ್ಲ. ಮರುದಿನ ಬೆಳಗಿನ ರೈಲು ಹಿಡಿದು ಅವರೇ ಬಂದರು. ಹನ್ನೊಂದು ವರ್ಷದಿಂದ ಎಚ್ಚರಿಕೆ ನೋಡುತ್ತಿದ್ದವರು ಸರ್ವರ್ ಕೋಣೆಯನ್ನು ಕಂಡದ್ದು ಅದೇ ಮೊದಲು. ಒಂದು ಪೆಟ್ಟಿಗೆಯನ್ನು ಮುಟ್ಟಿ ಕೈ ಹಿಂದಕ್ಕೆಳೆದುಕೊಂಡರು. ಬೆವರು ಒರೆಸುತ್ತ ತಮ್ಮದೇ ಕಚೇರಿಗೆ ಫೋನ್ ಮಾಡಿ, ಕೋಣೆ ಸುಡುತ್ತಿದೆ ಎಂದರು.

"ಮೇಡಂ, ಕೊಚ್ಚಿಯ ಇವತ್ತಿನದು ನೀವೇ ನಿನ್ನೆ ಹಾಕಿಟ್ಟಿದ್ದೀರಿ" ಎಂದಿತು ಆ ಕಡೆಯ ದನಿ.

ಸುಬ್ಬಲಕ್ಷ್ಮಿ ಕುರ್ಚಿ ಹತ್ತಿ ಸೆನ್ಸರಿನ ವೈರನ್ನು ಕಿತ್ತರು.

ವೈರು ಕಿತ್ತರೆ ಸೆನ್ಸರ್ ಕಂಪನಿಗೆ ತಾನಾಗಿ ದೂರು ಹೋಗುತ್ತಿತ್ತು. ಒಂದೇ ಗಂಟೆಯಲ್ಲಿ ಹತ್ತಿರದ ಕಳಮಶ್ಶೇರಿಯಿಂದ ಕಂಪನಿಯ ಇಬ್ಬರು ಏದುಸಿರು ಬಿಡುತ್ತ ಬಂದರು. ವೈರು ಜೋಡಿಸಿ, ಪರೀಕ್ಷಿಸಿ, ವರದಿ ಬರೆದು ಮೊಹರು ಒತ್ತಿದರು: "ಸೆನ್ಸರ್ ಸರಿಯಾಗಿದೆ. ಕೋಣೆ ಬಿಸಿಯಾಗಿದೆ."

ಆ ಕಾಗದದ ಬಲದಿಂದ ನಾಲ್ಕನೆಯ ದಿನ ಎ.ಸಿ. ರಿಪೇರಿಯಾಯಿತು. ಸುಬ್ಬಲಕ್ಷ್ಮಿ ವಾಪಸು ಹೋದವರೇ ತಂಪಿಗೂ ಒಂದು ಕಾಲಂ ಬೇಕೆಂದು ಬರೆದು ಹಾಕಿದರು. ಅದನ್ನು ಪರಿಶೀಲಿಸಲು ಈಗ ಒಂದು ಸಮಿತಿಯಿದೆ. ಧರಣೇಂದ್ರ ಅದರ ಸದಸ್ಯರು.