‘ಹುಡುಕು’ ಕಡೆಗೆ

ಅಂತ್ಯಕ್ರಿಯೆಗೆ ಬಂದವರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಎದುರು ಬೆಟ್ಟದಲ್ಲಿ ಹಿಮಜಾರಾಟದವರನ್ನು ಮೇಲೊಯ್ಯುವ ಲಿಫ್ಟ್ ಎಂದಿನಂತೆ ಓಡತೊಡಗಿತು. ಯಾರೋ ತಂದ ಕೇಕು ಉಳಿದಿತ್ತು, ಅದನ್ನೇ ತಿಂದೆ. ಆಮೇಲೆ ರಕ್ಷಣಾ ದಳದವರು ಕೊಟ್ಟಿದ್ದ, ನನ್ನ ಗಂಡ ಯೋಡೊಕ್‌ನ ಚೀಲ ಬಿಚ್ಚಿದೆ.

ಕೈಗವಸು, ಕನ್ನಡಕ, ಹಿಮದಡಿ ಸಿಕ್ಕವರ ಸುಳಿವು ಕೊಡುವ ಬೀಪರ್. ಬೀಪರ್ ಅವನದಲ್ಲ, ಗೆಳೆಯ ಸೆವರಿನ್‌ನಿಂದ ಎರವಲು ತಂದದ್ದು. ಆ ದಿನ ಸ್ನೋಬೋರ್ಡ್ ಹೊತ್ತು ಲಿಫ್ಟಿನಾಚೆಯ ಇಳಿಜಾರಿಗೆ ಹೋದವರು ಅವರಿಬ್ಬರೇ. ಹಿಮ ಕುಸಿದು ಯೋಡೊಕ್ ಅದರಡಿ ಸಿಕ್ಕಿದ. ಬೀಪರ್ ಸುಳಿವು ಕೊಡಲಿಲ್ಲ. ಕೊನೆಗೆ ದಳದ ನಾಯಿ ಪತ್ತೆ ಹಚ್ಚಿತು.

“ಬ್ಯಾಟರಿ ನೋಡ್ಕೊಳ್ಳೋ ಅಂತ ಎಷ್ಟು ಬಡ್ಕೊಂಡೆ,” ಎಂದು ಸೆವರಿನ್ ಅಂತ್ಯಕ್ರಿಯೆಯ ಊಟದಲ್ಲಿ ಎಲ್ಲರೆದುರು ಅತ್ತಿದ್ದ. ನನ್ನ ಅತ್ತೆ ಅವನ ಬೆನ್ನು ಸವರಿದ್ದರು.

ಬ್ಯಾಟರಿ ಸತ್ತದ್ದು ನಿಜ. ಅಷ್ಟು ದಿನ ಚೀಲದೊಳಗೆ ಚಾಲೂ ಇದ್ದರೆ ಯಾವುದಾದರೂ ಸಾಯುತ್ತದೆ. ನಾನು ನೋಡಿದ್ದು ಬೀಪರಿನ ಪಕ್ಕದಲ್ಲಿದ್ದ ಸ್ವಿಚ್ಚಿನ ಗುಂಡಿಯನ್ನು. ಬೆಟ್ಟದಲ್ಲಿರುವಷ್ಟು ಹೊತ್ತೂ ಅದು ‘ಕಳಿಸು’ ಕಡೆಗಿರಬೇಕು. ಜೊತೆಗಾರ ಹಿಮದಡಿ ಹೋದನೆಂದಾಗ ಮಾತ್ರ ‘ಹುಡುಕು’ ಕಡೆಗೆ ತಳ್ಳುತ್ತೇವೆ. ಆಗ ಅದು ನಮ್ಮ ಸುಳಿವು ಕಳಿಸುವುದಿಲ್ಲ. ಹೊಸ ಬೀಪರುಗಳು ಸ್ವಲ್ಪ ಹೊತ್ತಿಗೆ ತಾವಾಗಿಯೇ ‘ಕಳಿಸು’ ಕಡೆಗೆ ಹಿಂದಿರುಗುತ್ತವೆ. ಇದು ಹಳೆಯದು.

ಗುಂಡಿ ‘ಹುಡುಕು’ ಕಡೆಗಿತ್ತು. ಅದು ಜಾರುವಂಥದಲ್ಲ, ಒತ್ತಿ ತಳ್ಳಬೇಕು. ದಳದವರು ನೋಡಿರಲಿಲ್ಲವೋ, ನೋಡಿಯೂ ನನಗೆ ಹೇಳಲಿಲ್ಲವೋ.

ನಾನು ಹೋದಾಗ ಸೆವರಿನ್ ತನ್ನ ಅಂಗಡಿಯಲ್ಲಿ ಇಸ್ತ್ರಿಪೆಟ್ಟಿಗೆಯಿಂದ ಮೇಣ ಕರಗಿಸಿ ಬೋರ್ಡೊಂದಕ್ಕೆ ಹಚ್ಚುತ್ತಿದ್ದ. “ಬೋರ್ಡು ಸರಿಯಾಗೇ ಇದೆ ಸಾರ್, ರಿಪೇರಿ ಆಗ್ಬೇಕಿರೋದು ನಿಮ್ಮ ಮೊಣಕಾಲು,” ಎಂದು ಗಿರಾಕಿಯನ್ನು ನಗಿಸಿ ಕಳಿಸಿದ. ನನ್ನನ್ನು ಕಂಡು ಮುಖ ಬದಲಾಯಿತು.

“ತೆಕ್ಲಾ! ಹೇಳಿದ್ರೆ ನಾನೇ ಬರ್ತಿದ್ನಲ್ಲ.”

“ಇದನ್ನ ಕೊಡೋದಿತ್ತು,” ಎಂದು ಬೀಪರ್ ತೋರಿಸಿದೆ.

“ನಿನ್ ಗಂಡ ಇಸ್ಕೊಂಡಿದ್ದನ್ನ ಯಾವತ್ತು ವಾಪಸ್ ಕೊಟ್ಟಿದ್ದ? ಇಟ್ಕೋ ಮಾರಾಯ್ತಿ,” ಎನ್ನುತ್ತಲೇ ಕೈ ಚಾಚಿದ. ಹೆಬ್ಬೆರಳು ನೇರ ಗುಂಡಿಗೆ ಹೋಯಿತು. ನಾನು ಹಿಂದಕ್ಕೆಳೆದುಕೊಂಡೆ.

“ಹಿಮ ಕುಸಿದಾಗ ನೀನೆಲ್ಲಿದ್ದೆ?”

“ಹೇಳಿದ್ನಲ್ಲ, ಅವ್ನ ಮೇಲ್ಗಡೇನೇ. ಕಣ್ಣಾರೆ ನೋಡ್ದೆ.”

“ನೀನು ಅಲ್ಲೇ ಇದ್ರೆ ಅವ್ನು ಯಾರನ್ನ ಹುಡುಕ್ತಿದ್ದ?”

ಅವನು ಇಸ್ತ್ರಿಪೆಟ್ಟಿಗೆಯ ಪ್ಲಗ್ ಕಿತ್ತ. ಬೋರ್ಡಿನ ಮೇಲೆ ಬೆಳ್ಳಗಾಗುತ್ತಿದ್ದ ಮೇಣವನ್ನು ಉಗುರಿನಿಂದ ಕೆರೆದ.

“ಮೊದ್ಲು ಸಣ್ಣದೊಂದು ಕುಸಿದಿರ್ಬೇಕು. ನಾನು ಅದ್ರಡಿ ಇದೀನಿ ಅಂದ್ಕೊಂಡ ಅನ್ಸುತ್ತೆ. ಹುಡುಕ್ತಿರೋವಾಗ ದೊಡ್ದು ಅವ್ನ ಮೇಲೇ ಬಿತ್ತು.”

“ನೀನೆಲ್ಲಿದ್ದೆ?”

“ಕೆಳಗೆ, ಹೋಟ್ಲಲ್ಲಿ. ಅವ್ನಿಗೆ ಹೇಳ್ದೆ ಆಚೆ ಕಣಿವೇಲಿ ಇಳಿದ್ಬಿಟ್ಟೆ. ಅವ್ನಿಗಿಂತ ಮೊದ್ಲು ಕೆಳಗೆ ತಲುಪಿ ರೇಗಿಸೋಣ ಅಂತ, ತೆಕ್ಲಾ, ಅಷ್ಟೇ. ಇಬ್ರಿಗೂ ಬಿಯರ್ ತರಿಸಿಟ್ಟಿದ್ದೆ.”

“ಎಷ್ಟು ಹೊತ್ತು ಕಾದೆ?”

“ನಂದು ಮುಗಿಯೋ ತನಕ.”

ಅವನು ಅಳುತ್ತಿದ್ದ. ಈ ಸಲ ನನ್ನನ್ನು ಬಿಟ್ಟರೆ ನೋಡುವವರು ಯಾರೂ ಇರಲಿಲ್ಲ.

“ಬ್ಯಾಟರಿ ಸುದ್ದೀನ ಅವ್ನ ಅಮ್ಮಂಗೆ ಹೇಳಿದ್ದು ನೀನು,” ಎಂದೆ. “ಇದನ್ನೂ ನೀನೇ ಹೋಗಿ ಹೇಳು. ಇವತ್ತೇ.”

ಎದೆಗೆ ಕಟ್ಟಿಕೊಳ್ಳುವ ಪಟ್ಟಿಯನ್ನು ಬೀಪರಿಗೆ ಸುತ್ತಿ ಅವನ ಕೈಯಲ್ಲಿಟ್ಟೆ.