ಗ್ಯಾನಮ್ಮನ ನಗು

ಮಸ್ಕಿಯ ಬಸ್‌ಸ್ಟ್ಯಾಂಡಿನ ಎದುರು ನಮ್ಮ ಅಬ್ಬಾ ಹುಸೇನ್‌ಸಾಬ್ ಅವರ ಫೋಟೋ ಸ್ಟುಡಿಯೋ ಇತ್ತು. ಅಲ್ಲಿ ಬಂದು ಕೂತವರಿಗೆಲ್ಲ ಅಬ್ಬಾ ಹೇಳುತ್ತಿದ್ದುದು ಒಂದೇ ಮಾತು: "ಗದ್ದ ಮ್ಯಾಲೆ ಮಾಡ್ರಿ, ಉಸಿರು ಹಿಡೀರಿ, ಅಲಗ್ಯಾಡಬ್ಯಾಡ್ರಿ." ಹಾಗೆ ಉಸಿರು ಹಿಡಿದ ಮುಖಗಳ ನಡುವೆಯೇ ನಾನು ಬೆಳೆದೆ. ಫೋಟೋ ಆದ ಮೇಲೆ ಅವರು ಉಸ್ಸೆಂದು ಉಸಿರು ಬಿಟ್ಟು, ಚಪ್ಪಲಿ ಹುಡುಕುತ್ತ ತಮ್ಮತಮ್ಮಲ್ಲೇ ನಗುತ್ತಿದ್ದರಲ್ಲ, ನನಗೆ ಆ ಮುಖ ಇಷ್ಟ. ಅದನ್ನು ಯಾರೂ ತೆಗೆಯುತ್ತಿರಲಿಲ್ಲ. ಅದನ್ನೇ ತೆಗೆಯುತ್ತೇನೆಂದು ಹಟ ಹಿಡಿದು, ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ಸಂತೆ, ಕಾಲುವೆ, ಗದ್ದೆ ಸುತ್ತುವವಳಾದೆ. ನನ್ನದು ಒಂದೇ ನಿಯಮ: ಯಾರಿಗೂ ನಿಲ್ಲು ಎನ್ನುವುದಿಲ್ಲ, ನಗು ಎನ್ನುವುದಿಲ್ಲ. ಈ ನಿಯಮದ ಬಗ್ಗೆ ನನಗೆ ಸ್ವಲ್ಪ ಜಂಬವೂ ಇದೆ, ಸುಳ್ಳೇಕೆ ಹೇಳಲಿ.

ಗೊರೇಬಾಳದ ಅಂಜಲಿ ಆ ಜಂಬಕ್ಕೇ ಕೈ ಹಾಕಿದಳು. ಮುಂದಿನ ವಾರ ಅವಳ ಮದುವೆ, ಲಿಂಗಸುಗೂರಿಗೆ ಕೊಟ್ಟಿದ್ದಾರೆ. ಮದುವೆಯ ಫೋಟೋಕ್ಕೆ ಬೇರೆಯವರನ್ನು ಗೊತ್ತುಮಾಡಿದ್ದರಂತೆ. ನನ್ನಿಂದ ಬೇಕಾಗಿದ್ದುದೇ ಬೇರೆ.

"ಅಕ್ಕಾ, ನಮ್ಮವ್ವ ನಗೋ ಫೋಟೋ ಒಂದು ಬೇಕು," ಎಂದಳು. "ನಮ್ಮನ್ಯಾಗ ಅಕೀದು ಆಧಾರ್ ಕಾರ್ಡಿನ ಫೋಟೋ ಐತಿ, ವೋಟರ್ ಕಾರ್ಡಿಂದು ಐತಿ. ಎರಡರಾಗೂ ಯಾರಿಗೋ ಬೈಯಾಕತ್ತಂಗ ಅದಾಳ. ಅದನ್ನ ಒಯ್ದು ಗಂಡನ ಮನಿ ಗ್ವಾಡಿಗೆ ಹಾಕ್ಲೇನು?"

"ನಿನ್ನ ಫೋನಿನ್ಯಾಗ ತಗಿ."

"ಫೋನ್ ಎತ್ತಿದ್ರ ಸಾಕು, ಸೆರಗು ಹೊದ್ದು ನೆಟ್ಟಗ ನಿಂತಬಿಡ್ತಾಳ."

ಅಂಜಲಿಯ ಅವ್ವ ಗ್ಯಾನಮ್ಮ ಭತ್ತದ ನಾಟಿ ಮಾಡುವ ಹೆಂಗಸರ ಗುಂಪಿನ ಮುಂದಾಳು. ನಾಟಿ ಹಚ್ಚುತ್ತ ಅವಳು ನಕ್ಕರೆ ಕಾಲುವೆಯ ಆಚೆ ದಂಡೆಗೂ ಕೇಳುತ್ತದೆ. ಆದರೆ ಆ ನಗು ಗದ್ದೆಯಲ್ಲಿ ಮಾತ್ರ. ಊರಿನ ನಾಟಿ ಮರುದಿನವೇ ಮುಗಿಯುವುದಿತ್ತು. ಅದು ಮುಗಿದರೆ ಮದುವೆ, ಮಗಳನ್ನು ಕಳಿಸುವ ದಿನ ಯಾವ ತಾಯಿ ನಗುತ್ತಾಳೆ? ಇರುವುದೊಂದೇ ದಿನ ಎಂದು ತಿಳಿದದ್ದೇ ಹ್ಞೂಂ ಎಂದುಬಿಟ್ಟೆ. ನನಗೆ ಇಂಥ ಕೆಲಸವೇ ಬೇಕು.

ಬೆಳಿಗ್ಗೆ ಬದುವಿನ ಮೇಲೆ ಹೋಗಿ ನಿಂತ ಮೇಲೆ ಫಜೀತಿ ಗೊತ್ತಾಯಿತು. ಹಚ್ಚಿದ ಸಸಿ ತುಳಿಯಬಾರದೆಂದು ಅವರು ಹಿಂದೆ ಹಿಂದೆ ಸರಿಯುತ್ತ ನೆಡುತ್ತಾರೆ. ನಾನು ನಿಂತಲ್ಲಿಗೆ ಬರುತ್ತಿದ್ದುದು ಬರೀ ಸಾಲು ಬೆನ್ನು. ಮುಖ ಕಾಣಲೆಂದು ಎದುರಿನ ಬದುವಿಗೆ ಓಡಿದರೆ ಅವರು ನನ್ನಿಂದ ದೂರ ದೂರ ಹೋಗುತ್ತಿದ್ದರು. ಅಷ್ಟರಲ್ಲಿ ಯಾರೋ ಏನೋ ಅಂದರು, ಗ್ಯಾನಮ್ಮನ ನಗು ಸಿಡಿಯಿತು. ನನಗೆ ತಡೆಯಲಾಗಲಿಲ್ಲ, ಧಡಕ್ಕನೆ ಗದ್ದೆಗೆ ಹಾರಿ ಅವಳ ಕಡೆ ನುಗ್ಗಿದೆ.

ನಗು ನಿಂತುಹೋಯಿತು. ಎಲ್ಲರೂ ನನ್ನ ಕಾಲು ನೋಡುತ್ತಿದ್ದರು. ಆಗಷ್ಟೇ ಹಚ್ಚಿದ ಸಸಿಗಳನ್ನು ನಾನು ಎತ್ತಿನ ಹಾಗೆ ತುಳಿದುಕೊಂಡು ಬಂದಿದ್ದೆ.

"ಶಾಹೀನವ್ವಾ," ಎಂದಳು ಗ್ಯಾನಮ್ಮ, ತಣ್ಣಗೆ. "ನಮ್ಮ ಗುಂಪಿನ್ಯಾಗ ತುಳಿದೋರು ತಾವ ತಿರುಗಿ ಹಚ್ಚಬೇಕು. ಹಿಡಿ ಸಸಿ. ನನ್ನ ಬಾಜೂಕ ಬಾ."

ಕ್ಯಾಮೆರಾವನ್ನು ಬೆನ್ನಿಗೆ ಸರಿಸಿ, ಪೈಜಾಮಾ ಮಡಚಿ, ರಾಡಿಯಲ್ಲಿ ಕೈಯಿಟ್ಟು ಬಗ್ಗಿದೆ. ಬಗ್ಗಿದ್ದೇ ತಡ, ಅಯ್ಯೋ, ಇಡೀ ಸಾಲಿನ ಮುಖಗಳು ಕಂಡವು. ಬೆವರು, ಮೂಗುಬೊಟ್ಟು, ಒಬ್ಬರ ಕಿವಿಗೊಬ್ಬರು ಹೇಳುವ ಚೇಷ್ಟೆ, ಎಲ್ಲ ಆ ಎತ್ತರದಲ್ಲೇ ಇತ್ತು. ಬೆಳಿಗ್ಗೆಯಿಂದ ನಾನು ಹುಡುಕುತ್ತಿದ್ದುದು ಅಲ್ಲಿತ್ತು, ನನ್ನ ಕೈ ನೋಡಿದರೆ ಮೊಣಕೈತನಕ ಕೆಸರು.

ಸಿಟ್ಟಿನಲ್ಲಿ ಬೇಗಬೇಗ ಸಸಿ ಚುಚ್ಚಿದೆ. ಸಾಕಷ್ಟು ಆಳ ಇಳಿದಿರಲಿಲ್ಲವೇನೋ, ಒಂದೊಂದಾಗಿ ಎದ್ದು ನೀರಿನ ಮೇಲೆ ತೇಲತೊಡಗಿದವು. ಗ್ಯಾನಮ್ಮ ಅವುಗಳನ್ನು ನೋಡಿದಳು, ನನ್ನನ್ನು ನೋಡಿದಳು.

"ನೆಲ್ಲು ಹಚ್ಚಾಕತ್ತೀಯೋ, ಮೀನ ಬಿಡಾಕತ್ತೀಯೋ?" ಎಂದಳು. ಬಂತು ನೋಡಿ ಆ ನಗು. ಹೊಟ್ಟೆಯಿಂದ ಎದ್ದು ಭುಜ ಕುಣಿಸಿ ಬಂತು.

ಬುತ್ತಿ ತಂದ ಅಂಜಲಿ ಬದುವಿನ ಮೇಲಿದ್ದಳು. "ಅಂಜಲೀ, ಓಡಿ ಬಾ, ನನ್ನ ಕೈ ರಾಡಿ ಆಗ್ಯಾವ, ನೀನ ತಗಿ," ಎಂದು ಕೂಗಿಕೊಂಡೆ. ಅವಳು ಬುತ್ತಿ ಅಲ್ಲೇ ಇಟ್ಟು, ಹೊಸ ಸೀರೆಯಲ್ಲೇ ದಡಬಡ ಇಳಿದಳು. ಕ್ಯಾಮೆರಾದ ಪಟ್ಟಿ ನನ್ನ ಕೊರಳಲ್ಲೇ ಇತ್ತು. ಅವಳು ಕ್ಯಾಮೆರಾ ಎಳೆದು ಕಣ್ಣಿಗೆ ಹಿಡಿದಾಗ ನನ್ನ ಕೆನ್ನೆ ಅವಳ ಕೆನ್ನೆಗೆ ಅಂಟಿತು. ಕ್ಯಾಮೆರಾ ಕಂಡ ಗ್ಯಾನಮ್ಮ ರೂಢಿಯಂತೆ ಸೆರಗಿಗೆ ಕೈ ಹಾಕಲು ಹೋದಳು. ಅವಳ ಕೈಯೂ ಕೆಸರು. ಹೊದೆಯುವ ಹಾಗಿಲ್ಲ, ಬಿಡುವ ಹಾಗಿಲ್ಲ.

"ಲಗ್ನದ ಹುಡುಗಿ ರಾಡ್ಯಾಗ ಬಂದು ನಿಂತಾಳ, ನೋಡ್ರೇ," ಎಂದು ಮಗಳನ್ನೇ ನೋಡುತ್ತ ಇನ್ನೂ ಜೋರಾಗಿ ನಕ್ಕಳು. ಅಂಜಲಿ ಗುಂಡಿ ಒತ್ತಿದಳು.

ಬುತ್ತಿ ಉಣ್ಣುವ ಮೊದಲು ಕಾಲುವೆಯಲ್ಲಿ ಕೈ ತೊಳೆದು ಎಲ್ಲರೂ ಕ್ಯಾಮೆರಾದ ಮೇಲೆ ಮುಗಿಬಿದ್ದೆವು. ಫೋಟೋ ಸ್ವಲ್ಪ ವಾರೆಯಾಗಿತ್ತು, ಮೂಲೆಯಲ್ಲಿ ನನ್ನ ಕೆಸರು ಬೆರಳೂ ಬಿದ್ದಿತ್ತು. ನಾನು ತೆಗೆದ ಯಾವ ಫೋಟೋವೂ ಅಷ್ಟು ಚೆನ್ನಾಗಿಲ್ಲ. ಹೊಟ್ಟೆಕಿಚ್ಚು ಬರಬೇಕಿತ್ತು, ಬದಲಿಗೆ ಕುಣಿಯಬೇಕೆನಿಸಿತು. ಅಂಜಲಿ ನನ್ನ ತೋಳು ಹಿಡಿದು ಜಗ್ಗುತ್ತಿದ್ದಳು.

ಗ್ಯಾನಮ್ಮ ಮಾತ್ರ ಮುಖ ಹತ್ತಿರ ತಂದು ಫೋಟೋ ನೋಡಿದಳು. ಆಮೇಲೆ ಒರೆಸಿದ ಬೆರಳಿನಿಂದ ಆ ಮುಖವನ್ನು ಮುಟ್ಟಿದಳು.

"ಇದು ನಾ ಅಲ್ಲ. ನಮ್ಮವ್ವ," ಎಂದಳು. "ಅಕಿ ಹಿಂಗ ನಗತಿದ್ಲು. ಅಕೀದು ಒಂದ್ ಫೋಟೋನೂ ಇಲ್ಲ ನಮ್ಮಲ್ಲಿ. ನನಗ ಅಕೀ ಮಾರಿ ಮರತ ಹೋಗಿತ್ತು."

ಅಂಜಲಿ ಅವ್ವನ ಭುಜಕ್ಕೆ ತಲೆಯಿಟ್ಟಳು.

"ಎರಡು ಕಾಪಿ ಮಾಡವ್ವ ಶಾಹೀನಾ," ಎಂದಳು ಗ್ಯಾನಮ್ಮ. "ಒಂದು ಅಂಜಲಿ ಅವ್ವಂದು, ಒಂದು ನಮ್ಮವ್ವಂದು."